ಎಂಟಕ್ಕೆ ಹದಿಮೂರು ಮಕ್ಕಳು: ಮಲೆನಾಡಿನ ಸಣ್ಣ ಪ್ರೌಢಶಾಲೆಯ ದಾಖಲಾತಿಯನ್ನು ಓದುವ ಬಗೆ

ಜೂನ್ ಮೊದಲ ವಾರ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಸಣ್ಣ ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದೇ ಮಾತು: ಈ ಸಲ ಎಂಟನೇ ತರಗತಿಗೆ ಎಷ್ಟು ಜನ? ಇಪ್ಪತ್ತು ಅಂದರೆ ಸಮಾಧಾನ, ಹದಿಮೂರು ಅಂದರೆ ಸ್ಟಾಫ್ ರೂಮಿನಲ್ಲಿ ಮೌನ. ಅದೇ ಸಂಖ್ಯೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗುತ್ತದೆ, ಅಲ್ಲಿಂದ ಜಿಲ್ಲೆಯ ಪಟ್ಟಿಗೆ ಸೇರುತ್ತದೆ. ಊರಿನ ಅಂಗಡಿ ಕಟ್ಟೆಗೆ ಬರುವಷ್ಟರಲ್ಲಿ 'ಆ ಶಾಲೇಲಿ ಮಕ್ಕಳೇ ಇಲ್ವಂತೆ' ಎಂದಾಗಿರುತ್ತದೆ. ಆ ಹದಿಮೂರು ಎಲ್ಲಿಂದ ಬಂತು, ಬರಬೇಕಿದ್ದ ಉಳಿದವರು ಎಲ್ಲಿಗೆ ಹೋದರು ಎಂದು ಕೂತು ಲೆಕ್ಕ ಹಾಕುವವರು ಕಡಿಮೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಕಾಣುತ್ತದೆ. ಶಾಲೆಯ ಮೇಲೆ ಹೊರಿಸುವ ತಪ್ಪಿನಲ್ಲಿ ಬಹುಪಾಲು ಶಾಲೆಯದ್ದಲ್ಲ. ಶಾಲೆಯೂ ಊರೂ ಸರಿಪಡಿಸಬಹುದಾದ ಕೆಲವು ಸಂಗತಿಗಳ ಕಡೆ ಯಾರೂ ನೋಡಿರುವುದಿಲ್ಲ.

ಒಂದು ಮಾದರಿ ಶಾಲೆಯನ್ನು ಇಟ್ಟುಕೊಳ್ಳೋಣ. ಇದು ಯಾವುದೇ ಊರಿನ ನಿಜವಾದ ಶಾಲೆಯಲ್ಲ, ಲೆಕ್ಕಕ್ಕಾಗಿ ಮಾಡಿಕೊಂಡದ್ದು. ಆದರೆ ಇಂಥ ಶಾಲೆ ಮಲೆನಾಡಿನಲ್ಲಿ ಯಾರಿಗೂ ಹೊಸದಲ್ಲ. ಎಂಟನೇ ತರಗತಿಯಲ್ಲಿ 13, ಒಂಬತ್ತರಲ್ಲಿ 17, ಹತ್ತರಲ್ಲಿ 11. ಒಟ್ಟು 41 ಮಕ್ಕಳು. ಸುತ್ತ ಮೂರು ಹಿರಿಯ ಪ್ರಾಥಮಿಕ ಶಾಲೆಗಳು. ಹೋದ ವರ್ಷ ಅಲ್ಲಿ ಏಳನೇ ತರಗತಿ ಮುಗಿಸಿದವರು 9, 6 ಮತ್ತು 4, ಒಟ್ಟು 19. ಹತ್ತೊಂಬತ್ತರಲ್ಲಿ ಹದಿಮೂರು ಬಂದರು, ಆರು ಜನ ತಪ್ಪಿದರು. ಆ ಆರು ಜನರ ಹೆಸರು ಹಿಡಿದು ವಿಚಾರಿಸಿದರೆ ಹೀಗೆ ತಿಳಿಯುತ್ತದೆ: ಮೂವರು ತಾಲ್ಲೂಕು ಕೇಂದ್ರದ ಹಿಂದುಳಿದ ವರ್ಗಗಳ (ಬಿಸಿಎಂ) ಹಾಸ್ಟೆಲ್ ಸೇರಿ ಅಲ್ಲಿನ ಸರ್ಕಾರಿ ಪ್ರೌಢಶಾಲೆಗೆ ಹೋಗುತ್ತಿದ್ದಾರೆ, ಇಬ್ಬರು ಎಲ್‌ಕೆಜಿಯಿಂದ ಪಿಯುವರೆಗೆ ಇರುವ ಸರ್ಕಾರಿ ಕರ್ನಾಟಕ ಪಬ್ಲಿಕ್ ಶಾಲೆಯ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿದ್ದಾರೆ, ಒಬ್ಬಳ ಮನೆಯವರು ಕೆಲಸ ಹುಡುಕಿ ಶಿವಮೊಗ್ಗಕ್ಕೆ ಹೋಗಿದ್ದಾರೆ. ಒಬ್ಬರೂ ಖಾಸಗಿ ಶಾಲೆಗೆ ಹೋಗಿಲ್ಲ. 'ಸರ್ಕಾರಿ ಶಾಲೆ ಬಿಟ್ಟು ಮಕ್ಕಳು ಓಡಿಹೋಗುತ್ತಿದ್ದಾರೆ' ಎಂಬ ಮಾತು ಈ ಆರು ಜನರ ವಿಷಯದಲ್ಲಿ ಸುಳ್ಳು.

ಇನ್ನೂ ಹಿಂದಕ್ಕೆ ಹೋಗಿ. ಈ ಹತ್ತೊಂಬತ್ತು ಮಕ್ಕಳ ಬ್ಯಾಚು ಒಂದನೇ ತರಗತಿಯಲ್ಲಿದ್ದಾಗ 27 ಇತ್ತು ಎಂದುಕೊಳ್ಳಿ. ನಡುವೆ ಎಂಟು ಜನ ಹೋದರು. ಅವರಲ್ಲಿ ಹೆಚ್ಚಿನವರು ಬಿಟ್ಟಿದ್ದು ಆರನೇ ತರಗತಿಗೆ. ಗಾಜನೂರಿನ ನವೋದಯ ವಿದ್ಯಾಲಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಹೆಣ್ಣುಮಕ್ಕಳ ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆ, ಎಲ್ಲಕ್ಕೂ ಪ್ರವೇಶ ಆರಕ್ಕೇ, ಪರೀಕ್ಷೆಯ ಮೂಲಕ. ನವೋದಯದಲ್ಲಿ ಕನಿಷ್ಠ ಮುಕ್ಕಾಲು ಸೀಟು ಗ್ರಾಮೀಣ ಮಕ್ಕಳದ್ದೇ. ಹಾಗಾಗಿ ಶ್ರದ್ಧೆಯಿಂದ ಪಾಠ ಮಾಡಿ ಐದನೇ ತರಗತಿಯ ಮಕ್ಕಳನ್ನು ಈ ಪರೀಕ್ಷೆಗಳಿಗೆ ತಯಾರು ಮಾಡುವ ಪ್ರಾಥಮಿಕ ಶಾಲೆ ಪಕ್ಕದಲ್ಲಿದ್ದರೆ, ಪ್ರೌಢಶಾಲೆಗೆ ಬರುವ ಮಕ್ಕಳು ಕಡಿಮೆಯಾಗುತ್ತಾರೆ. ಜೊತೆಗೆ ಬುದ್ಧಿವಂತರೆನಿಸಿಕೊಂಡವರೇ ಮೊದಲು ಹೋಗುತ್ತಾರೆ. ಎಂಟರಲ್ಲಿ ಕೂತವರ ಕಲಿಕೆಯ ಮಟ್ಟವನ್ನು ಆ ಪ್ರಾಥಮಿಕ ಶಾಲೆಯ ಕೆಲಸಕ್ಕೆ ಅಳತೆಗೋಲಾಗಿ ಹಿಡಿಯುವುದು ಈ ಕಾರಣಕ್ಕೇ ಅನ್ಯಾಯ.

ಖಾಸಗಿ ಶಾಲೆಯ ಹಳದಿ ಬಸ್ಸು ಮಕ್ಕಳನ್ನು ಕರೆದೊಯ್ಯುವುದು ಎಂಟರಲ್ಲಲ್ಲ, ಎಲ್‌ಕೆಜಿಯಲ್ಲಿ. ಮೂರೂವರೆ ವರ್ಷಕ್ಕೆ ಬಸ್ ಹತ್ತಿದ ಮಗು ಸರ್ಕಾರಿ ಶಾಲೆಯ ಲೆಕ್ಕಕ್ಕೆ ಎಂದೂ ಬಂದಿರುವುದೇ ಇಲ್ಲ. ಎಂಟಕ್ಕೆ ಬರುವಾಗ ನಡೆಯುವುದು ಹೆಚ್ಚಾಗಿ ತಿರುಗಿನ ಹರಿವು: ಏಳರವರೆಗಷ್ಟೇ ಇರುವ ಖಾಸಗಿ ಶಾಲೆ ಮುಗಿಸಿದವರು, ಅಡಿಕೆಗೆ ಕೊಳೆ ರೋಗವೋ ಎಲೆಚುಕ್ಕಿ ರೋಗವೋ ಬಂದು ಫೀಸು ಕಟ್ಟಲಾಗದವರು ಹಿಂದಿರುಗುತ್ತಾರೆ. ಈ ಮಕ್ಕಳನ್ನು ಹಿಡಿದುಕೊಳ್ಳುವುದು ಸಣ್ಣ ಪ್ರೌಢಶಾಲೆಗೆ ಇರುವ ನಿಜವಾದ ಅವಕಾಶ. ಆದರೆ ದಾಖಲಾತಿ ಆಂದೋಲನದ ಜಾಥಾ ಸರ್ಕಾರಿ ಶಾಲೆಗಳ ಬೀದಿಯಲ್ಲೇ ಸುತ್ತಿ ಮುಗಿಯುತ್ತದೆ.

ಹುಟ್ಟಿದವರೇ ಕಡಿಮೆ

ಬುಡದ ಕಾರಣ ಜನಸಂಖ್ಯೆ. 2001ರಲ್ಲಿ 16.42 ಲಕ್ಷ ಇದ್ದ ಶಿವಮೊಗ್ಗ ಜಿಲ್ಲೆಯ ಜನ 2011ರಲ್ಲಿ 17.52 ಲಕ್ಷವಾದರು. ಹತ್ತು ವರ್ಷದಲ್ಲಿ ಶೇ 7ಕ್ಕೂ ಕಡಿಮೆ. ಇಡೀ ರಾಜ್ಯ ಅದೇ ಅವಧಿಯಲ್ಲಿ ಶೇ 15.6ರಷ್ಟು ಬೆಳೆದಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಇದ್ದಷ್ಟೇ ಇರಬೇಕಾದರೂ 2.1 ಬೇಕು. ಇದರ ಮೇಲೆ ವಲಸೆ. ತೋಟದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ, ಮಗ ಸೊಸೆ ಬೆಂಗಳೂರಲ್ಲಿ, ಮೊಮ್ಮಗು ಅಲ್ಲಿನ ಶಾಲೆಯಲ್ಲಿ. ಹೀಗಿರುವ ಒಂಟಿಮನೆಗಳು ಹೊಸನಗರ, ತೀರ್ಥಹಳ್ಳಿಯ ಪ್ರತಿ ಮಜರೆಯಲ್ಲೂ ಸಿಗುತ್ತವೆ. ಎಷ್ಟು ಜಾಥಾ ಮಾಡಿದರೂ ಆ ಮನೆಯಿಂದ ಮಗು ಬರುವುದಿಲ್ಲ.

ಹಾಗಾದರೆ ಮುಂದೆ ಎಷ್ಟು ಮಕ್ಕಳು ಬರುತ್ತಾರೆಂದು ತಿಳಿಯುವುದು ಹೇಗೆ? ದೊಡ್ಡ ಸಮೀಕ್ಷೆ ಬೇಕಿಲ್ಲ. ಒಂದನೇ ತರಗತಿಯ ಹಾಜರಿ ಪುಸ್ತಕ ಏಳು ವರ್ಷ ಮುಂದಿನ ಎಂಟನೇ ತರಗತಿಯನ್ನು ಹೇಳುತ್ತದೆ: 2025-26ರಲ್ಲಿ ಒಂದಕ್ಕೆ ಸೇರಿದವರು 2032-33ರಲ್ಲಿ ಎಂಟಕ್ಕೆ. ಅದಕ್ಕೂ ಮುಂದೆ ನೋಡಬೇಕಾದರೆ ಅಂಗನವಾಡಿ ಕಾರ್ಯಕರ್ತೆಯರ ಬಳಿ ಇರುವ ಮನೆವಾರು ಸಮೀಕ್ಷೆಯ ಪುಸ್ತಕ ಇದೆ. ಅದರಲ್ಲಿ ಹುಟ್ಟಿದ ಮಗುವಿನಿಂದ ಆರು ವರ್ಷದವರೆಗಿನ ಎಲ್ಲರೂ ಇರುತ್ತಾರೆ, ಖಾಸಗಿ ಎಲ್‌ಕೆಜಿಗೆ ಹೋಗುವವರೂ ಸೇರಿ. 2025ರ ಜೂನ್‌ಗೆ ಮೂರು ತುಂಬಿದ ಮಗು 2035-36ರಲ್ಲಿ ಎಂಟನೇ ತರಗತಿಗೆ ಬರುತ್ತದೆ. ಸುತ್ತಲಿನ ಅಂಗನವಾಡಿಗಳ ಪುಸ್ತಕ ಕೂಡಿಸಿದರೆ ಹತ್ತು ವರ್ಷದ ಗರಿಷ್ಠ ಮಿತಿ ಒಂದೇ ಮಧ್ಯಾಹ್ನದಲ್ಲಿ ಸಿಗುತ್ತದೆ. ಅದರಿಂದ ಆರನೇ ತರಗತಿಯ ಸೋರಿಕೆ ಕಳೆಯಬೇಕು, ಎಲ್‌ಕೆಜಿಯ ಸೋರಿಕೆ ಕಳೆಯಬೇಕು, ತಿರುಗಿ ಬರುವವರನ್ನು ಕೂಡಿಸಬೇಕು.

ಈ ಲೆಕ್ಕದಲ್ಲಿ ಎಡವುವ ಜಾಗಗಳೂ ಇವೆ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂಬ ನಿಯಮ 2025-26ರಿಂದ ಜಾರಿಯಾಗಬೇಕಿತ್ತು. ಆ ಒಂದು ವರ್ಷಕ್ಕೆ 5 ವರ್ಷ 5 ತಿಂಗಳಿಗೆ ಸಡಿಲಿಸಿದರು. ಇಂಥ ಬದಲಾವಣೆಯಲ್ಲಿ ಒಂದು ಬ್ಯಾಚು ತೆಳ್ಳಗಾಗಿ ಪಕ್ಕದ್ದು ದಪ್ಪವಾಗುತ್ತದೆ. ತೆಳ್ಳಗಿನ ಬ್ಯಾಚು ನೋಡಿ ಶಾಲೆ ಕುಸಿಯಿತು ಎನ್ನಬಾರದು. ಇನ್ನೊಂದು, ಎಂಟನೇ ತರಗತಿಯವರೆಗೆ ಉನ್ನತೀಕರಿಸಿದ ಪ್ರಾಥಮಿಕ ಶಾಲೆಗಳು. ಅಲ್ಲಿನ ಮಕ್ಕಳು ನೇರ ಒಂಬತ್ತಕ್ಕೆ ಬರುತ್ತಾರೆ. ನಮ್ಮ ಮಾದರಿ ಶಾಲೆಯಲ್ಲಿ ಎಂಟರಲ್ಲಿ 13, ಒಂಬತ್ತರಲ್ಲಿ 17 ಇರುವುದು ಹೀಗೆ ಬಂದ ಮಕ್ಕಳಿಂದ. ಗೊತ್ತಿಲ್ಲದವರು ಒಂದೇ ವರ್ಷದಲ್ಲಿ ನಾಲ್ಕು ಮಕ್ಕಳು ಕಡಿಮೆಯಾದರೆಂದು ಓದುತ್ತಾರೆ.

ಬಸ್ಸಿನ ಟೈಮು

ಪ್ರೌಢಶಾಲೆ 5 ಕಿ.ಮೀ. ಒಳಗೆ ಇರಬೇಕೆಂಬುದು ಮಾಧ್ಯಮಿಕ ಶಿಕ್ಷಣ ಅಭಿಯಾನದ ಕಾಲದಿಂದ ಇರುವ ಮಾನದಂಡ. ಬಯಲುಸೀಮೆಯ 5 ಕಿ.ಮೀ. ಬೇರೆ, ಮಲೆನಾಡಿನ 5 ಕಿ.ಮೀ. ಬೇರೆ. ನಕ್ಷೆಯಲ್ಲಿ ಮೂರೇ ಕಿ.ಮೀ. ಇದ್ದರೂ ನಡುವೆ ಹಳ್ಳ ಇದ್ದರೆ ಜುಲೈನಲ್ಲಿ ಕಾಲುಸಂಕದ ಮೇಲೆ ಮಗುವನ್ನು ಕಳಿಸಲು ಯಾವ ತಾಯಿಗೂ ಧೈರ್ಯ ಬರುವುದಿಲ್ಲ. ಸುತ್ತು ದಾರಿ ಎಂಟು ಕಿ.ಮೀ. ಆಗುತ್ತದೆ. ಏಳನೇ ತರಗತಿಯ ಮಕ್ಕಳ ಮನೆಗೆ ಮೇಷ್ಟ್ರು ಹೋದಾಗ ಮೊದಲು ಕೇಳುವ ಪ್ರಶ್ನೆ ಪಾಠದ್ದಲ್ಲ. 'ಮಳೆಗಾಲದಾಗೆ ಬಸ್ ಸರಿಯಾಗಿ ಬರ್ತದಾ ಮೇಷ್ಟ್ರೇ?'

ಬಸ್ಸು ಬಂದರೂ ಅದರ ಸಮಯ ನೋಡಬೇಕು. ಶಾಲೆ ಹತ್ತಕ್ಕೆ ಶುರು, ಬಸ್ಸು ಎಂಟೂಮುಕ್ಕಾಲಿಗೆ ತಂದು ಬಿಡುತ್ತದೆ. ಸಂಜೆ ನಾಲ್ಕೂವರೆಗೆ ಗಂಟೆ ಹೊಡೆದರೆ ಮುಂದಿನ ಬಸ್ಸು ಐದೂಮುಕ್ಕಾಲಿಗೆ. ಆಷಾಢದ ಮಳೆಯಲ್ಲಿ ಆ ಹೊತ್ತಿಗೆ ಕಾಡಿನ ನಡುವಿನ ಸ್ಟಾಪಿನಲ್ಲಿ ಮಬ್ಬು ಕವಿದಿರುತ್ತದೆ. ಇಳಿದ ಹುಡುಗಿ ಅಲ್ಲಿಂದ ಮತ್ತೆ ಒಂದು ಕಿ.ಮೀ. ನಡೆಯಬೇಕು. ಹತ್ತನೇ ತರಗತಿಯ ವಿಶೇಷ ತರಗತಿಯನ್ನು ಬೆಳಿಗ್ಗೆ ಇಟ್ಟರೆ ಈ ಬಸ್ಸಿಗೆ ಹೊಂದುತ್ತದೆ, ಸಂಜೆ ಇಟ್ಟರೆ ದೂರದವರು ತಪ್ಪಿಸಿಕೊಳ್ಳುತ್ತಾರೆ. ಸಣ್ಣ ವಿಷಯವೆನಿಸಬಹುದು, ಆದರೆ ಹೆಣ್ಣುಮಕ್ಕಳನ್ನು ಊರಿನ ಶಾಲೆಯಲ್ಲಿ ಉಳಿಸುವುದೂ ಹಾಸ್ಟೆಲ್‌ಗೆ ಕಳಿಸುವುದೂ ನಿರ್ಧಾರವಾಗುವುದು ಇಲ್ಲೇ.

2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆ ಸರ್ಕಾರಿ ಬಸ್ ಓಡುವ ದಾರಿಯಲ್ಲಿ ಹುಡುಗಿಯರ ಖರ್ಚು ಇಳಿಸಿತು. ಮಲೆನಾಡಿನ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳು. ಅಲ್ಲಿ ಶಕ್ತಿ ಇಲ್ಲ. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು 2020ರಲ್ಲಿ ನಿಂತ ಮೇಲೆ ಆ ಭಾಗದ ಕುಗ್ರಾಮಗಳ ಪಾಡು ಎಲ್ಲರಿಗೂ ಗೊತ್ತು. 2006-07ರಲ್ಲಿ ಆರಂಭವಾಗಿದ್ದ ಎಂಟನೇ ತರಗತಿಯ ಉಚಿತ ಸೈಕಲ್ ಕೋವಿಡ್ ಕಾಲದಲ್ಲಿ ನಿಂತಿತು. ಏರಿನಲ್ಲಿ ತಳ್ಳಿಕೊಂಡೇ ಹೋಗಬೇಕಿದ್ದರೂ ಆ ಸೈಕಲ್ 'ಎಂಟಕ್ಕೆ ಊರಿನ ಶಾಲೆಗೇ ಸೇರು' ಎನ್ನಲು ಒಂದು ಕಾರಣವಾಗಿತ್ತು. ಅದನ್ನು ನಿಲ್ಲಿಸಿದ್ದು ತಪ್ಪು.

ಶರಾವತಿ ಹಿನ್ನೀರಿನ ಕರೂರು, ಬಾರಂಗಿ ಹೋಬಳಿಗಳ ಕಡೆ ಈಗ ಇದೇ ಪ್ರಶ್ನೆ ತಿರುಗಿ ನಿಂತಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ದ್ವೀಪದಂತಾಗಿದ್ದ ತುಮರಿ ಸೀಮೆಗೆ ಲಾಂಚೇ ದಾರಿಯಾಗಿತ್ತು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಜನರ ಆರು ದಶಕದ ಸಂಕಟ ಮುಗಿದದ್ದು ದೊಡ್ಡ ಸಂತೋಷ. ಶಾಲೆಯ ದೃಷ್ಟಿಯಿಂದ ನೋಡಿದರೆ ಸೇತುವೆ ಎರಡೂ ಕಡೆ ತೆರೆದ ಬಾಗಿಲು. ಲಾಂಚಿನ ಹೊತ್ತು ನೋಡಿಕೊಂಡು ಹೋಗಲು ಹಿಂಜರಿಯುತ್ತಿದ್ದ ಶಿಕ್ಷಕರು ಇನ್ನು ಸಾಗರದಿಂದಲೇ ಓಡಾಡಬಹುದು. ಅದೇ ರಸ್ತೆಯಲ್ಲಿ ಸಾಗರದ ಹಳದಿ ಬಸ್ಸೂ ಬರಬಹುದು. ಅಲ್ಲಿನ ಪ್ರೌಢಶಾಲೆಗಳ ಎಂಟನೇ ತರಗತಿಯನ್ನು ಮುಂದಿನ ಮೂರು ವರ್ಷ ಎಚ್ಚರದಿಂದ ಗಮನಿಸಬೇಕು.

ಉಳಿದವರು ಯಾರು

ದಾಖಲಾತಿ 80ರಿಂದ 41ಕ್ಕೆ ಇಳಿದಾಗ ಎಲ್ಲ ಬಗೆಯ ಮಕ್ಕಳೂ ಅರ್ಧಕ್ಕರ್ಧ ಇಳಿದಿರುವುದಿಲ್ಲ. ಮೊದಲು ಹೋಗುವವರು ವ್ಯಾನಿಗೆ ಹಣ ಕಟ್ಟಬಲ್ಲವರು, ಅಂದರೆ ತೋಟ ಇರುವವರು, ಸಂಬಳದವರು. ಉಳಿಯುವವರು ಕೂಲಿಯವರ, ಬಗರ್‌ಹುಕುಂ ಸಾಗುವಳಿದಾರರ, ತೋಟದ ಲೈನ್ ಮನೆಯವರ ಮಕ್ಕಳು. ಹೊಸನಗರ, ತೀರ್ಥಹಳ್ಳಿ ಭಾಗದಲ್ಲಿ ಹಸಲರು, ಶಿಕಾರಿಪುರ ಕಡೆಯ ತಾಂಡಾಗಳಲ್ಲಿ ಲಂಬಾಣಿಗರು, ಸೊರಬ–ಸಾಗರದಲ್ಲಿ ದೀವರ ಸಣ್ಣ ಹಿಡುವಳಿಯ ಕುಟುಂಬಗಳು. ಒಂದೇ ಮನೆಯಲ್ಲಿ ಮಗನನ್ನು ಪೇಟೆಯ ಇಂಗ್ಲಿಷ್ ಮಾಧ್ಯಮಕ್ಕೆ, ಮಗಳನ್ನು ಊರಿನ ಕನ್ನಡ ಶಾಲೆಗೆ ಕಳಿಸುವುದು ಇನ್ನೂ ನಡೆಯುತ್ತದೆ. ಆದ್ದರಿಂದ ಸಣ್ಣ ಶಾಲೆಯ ಹಾಜರಿ ಪುಸ್ತಕ ತೆರೆದಾಗ ಗಂಡು–ಹೆಣ್ಣಿನ ಲೆಕ್ಕವನ್ನು ಮೊದಲು ನೋಡಬೇಕು. ಹುಡುಗಿಯರು ಮೂರರಲ್ಲಿ ಎರಡು ಪಾಲಿದ್ದರೆ, ಆ ಶಾಲೆ ಮುಚ್ಚುವುದೆಂದರೆ ಯಾರ ಓದು ನಿಲ್ಲುತ್ತದೆ ಎಂಬುದು ಅಲ್ಲೇ ಬರೆದಿದೆ.

ಇನ್ನೊಂದು ಗುಂಪು ಪಟ್ಟಿಗಳಲ್ಲಿ ಕಾಣುವುದೇ ಇಲ್ಲ: ಶುಂಠಿ ಹೊಲ, ಅಡಿಕೆ ತೋಟದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ, ಹೊರರಾಜ್ಯಗಳಿಂದ ಬಂದವರ ಮಕ್ಕಳು. ಇವರು ವರ್ಷದ ನಡುವೆ ಬರುತ್ತಾರೆ, ನಡುವೆ ಹೋಗುತ್ತಾರೆ, ಕೈಯಲ್ಲಿ ಟಿಸಿ ಇರುವುದಿಲ್ಲ. ಟಿಸಿ ತಡವಾದ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು (ಆರ್‌ಟಿಇ) ಕಾಯ್ದೆಯ 5ನೇ ಕಲಂ ಹೇಳುತ್ತದೆ. ಆ ರಕ್ಷಣೆ ಎಂಟನೇ ತರಗತಿಗೆ ಮುಗಿಯುತ್ತದೆ. ಒಂಬತ್ತಕ್ಕೆ ಸೇರಬೇಕಾದ ವಲಸೆ ಹುಡುಗ ಕೂಲಿಗೆ ಹೋಗುವುದು ಇಲ್ಲಿಂದಲೇ.

ಜಾತಿವಾರು, ಧರ್ಮವಾರು ಶೇಕಡಾವಾರು ಹಾಕುವಾಗ ಒಂದು ಎಚ್ಚರ. ಹದಿಮೂರು ಮಕ್ಕಳ ತರಗತಿಯಲ್ಲಿ ಒಂದು ಮಗು ಎಂದರೆ ಶೇ 7.7. ಅವಳಿ ಮಕ್ಕಳಿರುವ ಒಂದು ಮನೆ ಊರು ಬಿಟ್ಟರೆ 'ಪರಿಶಿಷ್ಟ ಪಂಗಡದ ದಾಖಲಾತಿ ಶೇ 15ರಷ್ಟು ಕುಸಿತ' ಎಂದು ವರದಿ ಬರೆಯಬಹುದು. ಸಣ್ಣ ಶಾಲೆಗೆ ಐದು ವರ್ಷದ ಮಕ್ಕಳನ್ನು ಕೂಡಿಸಿ ನೋಡಬೇಕು, ಶೇಕಡಾದ ಪಕ್ಕದಲ್ಲಿ ತಲೆ ಎಣಿಕೆಯನ್ನೂ ಬರೆಯಬೇಕು. ಎಸ್‌ಎಸ್‌ಎಲ್‌ಸಿ ಫಲಿತಾಂಶಕ್ಕೂ ಇದೇ ಮಾತು. 11 ಮಕ್ಕಳಲ್ಲಿ ಎಲ್ಲರೂ ಪಾಸಾದರೆ ಶೇ 100, ಮೂವರು ಗಣಿತದಲ್ಲಿ ಹೋದರೆ 72.7. ಇಡೀ ರಾಜ್ಯದ ಫಲಿತಾಂಶ 2023ರ ಶೇ 83.89ರಿಂದ 2025ರ ಮೊದಲ ಪರೀಕ್ಷೆಯಲ್ಲಿ ಶೇ 66.14ಕ್ಕೆ ಇಳಿದಾಗ ಅದರ ಹಿಂದೆ ಪರೀಕ್ಷಾ ಕೊಠಡಿಯ ಮೇಲೆ ಕ್ಯಾಮೆರಾ ಕಣ್ಣಿಡುವ ವೆಬ್‌ಕಾಸ್ಟಿಂಗ್‌ನಂಥ ನಿಜವಾದ ಕಾರಣವಿತ್ತು. ಹನ್ನೊಂದು ಮಕ್ಕಳ ಶಾಲೆ ಶೇ 100ರಿಂದ 72ಕ್ಕೆ ಇಳಿಯಲು ಇಬ್ಬರಿಗೆ ಜ್ವರ, ಒಬ್ಬನಿಗೆ ಮನೆಯ ತೊಂದರೆ ಸಾಕು. ಇಂಥ ಶಾಲೆಗಳನ್ನು ರ್‍ಯಾಂಕಿಂಗ್ ಪಟ್ಟಿಯಲ್ಲಿ ಮೇಲೆ ಕೆಳಗೆ ಆಡಿಸುವುದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ, ಮುಖ್ಯ ಶಿಕ್ಷಕರಿಗೆ ನೋಟಿಸು ಬರುತ್ತದೆ ಅಷ್ಟೇ.

ಸೆಪ್ಟೆಂಬರ್ 30ರ ಎಣಿಕೆ

ದೇಶದ ಎಲ್ಲ ಶಾಲೆಗಳ ಮಾಹಿತಿ ಸೇರಿಸುವ ಯು-ಡೈಸ್ ಎಣಿಕೆಗೆ ಆಧಾರ ದಿನ ಸೆಪ್ಟೆಂಬರ್ 30. ಅಂದು ರಾಜ್ಯದ ವಿದ್ಯಾರ್ಥಿಗಳ ಗಣಕ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಕಾಣುವ ಮಗುವೇ ಶಾಲೆಯ ಮಗು. ಬೆಂಚಿನ ಮೇಲೆ ಕೂತಿದ್ದರೂ ಗಣಕದಲ್ಲಿ ಇಲ್ಲದಿದ್ದರೆ ಲೆಕ್ಕಕ್ಕಿಲ್ಲ. ಕೆಲಸದ ಕ್ರಮ ಹೀಗೆ: ಮಗುವಿನ ಸ್ಯಾಟ್ಸ್ ಸಂಖ್ಯೆ ಹಾಕಿ ಹೊಸ ಶಾಲೆ ಕೋರಿಕೆ ಕಳಿಸಬೇಕು, ಹಳೆಯ ಶಾಲೆ ಅದನ್ನು ಒಪ್ಪಿ ಬಿಡುಗಡೆ ಮಾಡಬೇಕು, ಆಮೇಲೆ ಹೊಸ ಶಾಲೆ ದಾಖಲಿಸಿಕೊಳ್ಳಬೇಕು. ನಡುವಿನ ಹೆಜ್ಜೆಯಲ್ಲೇ ಸಿಕ್ಕಿಕೊಳ್ಳುವುದು. ಫೀಸು ಬಾಕಿ ಎಂದು ಖಾಸಗಿ ಶಾಲೆ ಬಿಡುಗಡೆ ತಡೆಯುತ್ತದೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದೆ ತಿಂಗಳುಗಟ್ಟಲೆ ಉಳಿದುಬಿಡುತ್ತದೆ. ಹೆಸರಿನ ತೊಡಕು ಬೇರೆ: ಆಧಾರ್‌ನಲ್ಲಿ ಒಂದು ಇನಿಷಿಯಲ್, ದಾಖಲಾತಿ ಪುಸ್ತಕದಲ್ಲಿ ಇನ್ನೊಂದು. ಅದನ್ನು ಎಂಟನೇ ತರಗತಿಯ ಜುಲೈನಲ್ಲೇ ಸರಿಮಾಡದಿದ್ದರೆ ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್‌ಎಸ್‌ಪಿ ಜಾಲತಾಣದಲ್ಲಿ ಅರ್ಜಿ ಹಾಕುವಾಗ ತಡೆಯುತ್ತದೆ, ಹತ್ತನೇ ತರಗತಿಯ ನೋಂದಣಿಯಲ್ಲಿ ಮತ್ತೆ ತಡೆಯುತ್ತದೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ, ಇವೆರಡನ್ನೂ ಆಗಲೇ ಕೇಳಿ ಇಟ್ಟುಕೊಳ್ಳಬೇಕು.

ಒಂದೆರಡು ಮಕ್ಕಳ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನುವವರು ಅನುದಾನದ ಮೆಟ್ಟಿಲು ನೋಡಬೇಕು. ಕೇಂದ್ರದ ಶಾಲಾ ಶಿಕ್ಷಣ ಯೋಜನೆಯಾದ ಸಮಗ್ರ ಶಿಕ್ಷಾದ ಮಾರ್ಗಸೂಚಿಯಲ್ಲಿ ವಾರ್ಷಿಕ ಶಾಲಾ ಅನುದಾನ 30 ಮಕ್ಕಳವರೆಗೆ 10,000 ರೂಪಾಯಿ, 31ರಿಂದ 100ರವರೆಗೆ 25,000. 31 ಮಕ್ಕಳ ಶಾಲೆಯಲ್ಲಿ ಒಂದು ಮಗುವಿನ ಬಿಡುಗಡೆ ಅಕ್ಟೋಬರ್‌ಗೆ ಹೋದರೆ 15,000 ಕಡಿತವಾಗಬಹುದು. ಕರೆಂಟ್ ಬಿಲ್, ಸುಣ್ಣದ ಡಬ್ಬ, ಪ್ರಯೋಗಾಲಯದ ಸಾಮಾನು, ಶೌಚಾಲಯದ ರಿಪೇರಿ ಎಲ್ಲಕ್ಕೂ ಆ ಹಣವೇ.

ಅನುದಾನಕ್ಕಿಂತ ದೊಡ್ಡ ಪೆಟ್ಟು ಶಿಕ್ಷಕರದ್ದು. 30 ಮಕ್ಕಳಿಗೆ ಒಬ್ಬರು ಎಂಬ ಅನುಪಾತವನ್ನು 41ಕ್ಕೆ ಹಾಕಿದರೆ ಇಬ್ಬರೂ ಪೂರ್ತಿ ಬೇಡ. ಆದರೆ ಹತ್ತನೇ ತರಗತಿಯ ಮಗು 11 ಮಕ್ಕಳ ಶಾಲೆಯಲ್ಲಿದ್ದರೂ 110 ಮಕ್ಕಳ ಶಾಲೆಯಲ್ಲಿದ್ದರೂ ಬರೆಯುವುದು ಅದೇ ಆರು ವಿಷಯ, 625 ಅಂಕ. ಕನ್ನಡ, ಇಂಗ್ಲಿಷ್, ಹಿಂದಿ, ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಕಲಾ (ಸಮಾಜ ವಿಜ್ಞಾನ) ಶಿಕ್ಷಕರು, ಜೊತೆಗೆ ದೈಹಿಕ ಶಿಕ್ಷಕರು, ಮುಖ್ಯ ಶಿಕ್ಷಕರು. ಪ್ರೌಢಶಾಲೆಯಲ್ಲಿ ಹುದ್ದೆಯ ಘಟಕ ಮಗುವಲ್ಲ, ವಿಷಯ. ಹೆಚ್ಚುವರಿ ಶಿಕ್ಷಕರ ಪಟ್ಟಿ ತಯಾರಾಗುವಾಗ ಈ ಸರಳ ಸಂಗತಿ ಮರೆತುಹೋಗುತ್ತದೆ. ಪಿಸಿಎಂ ಹುದ್ದೆ ಬೇರೆಡೆಗೆ ಹೋಯಿತೆಂದರೆ 'ಮ್ಯಾತ್ಸ್ ಮೇಷ್ಟ್ರಿಲ್ವಂತೆ' ಎಂಬ ಸುದ್ದಿ ಏಪ್ರಿಲ್‌ಗೇ ಊರು ಮುಟ್ಟುತ್ತದೆ, ಮುಂದಿನ ಜೂನ್‌ನಲ್ಲಿ ಹದಿಮೂರು ಒಂಬತ್ತಾಗುತ್ತದೆ, ಆಗ ಇನ್ನೊಂದು ಹುದ್ದೆ ಹೆಚ್ಚುವರಿ. ಅತಿಥಿ ಶಿಕ್ಷಕರಿಂದ ತುಂಬಿಸಬಹುದು ಎನ್ನುತ್ತಾರೆ. 2025-26ರ ಬಜೆಟ್‌ನಲ್ಲಿ 2,000 ಹೆಚ್ಚಿಸಿದ ಮೇಲೂ ಅವರ ಗೌರವಧನ ತಿಂಗಳಿಗೆ 12,500. ಆ ಹಣಕ್ಕೆ ಆಗುಂಬೆಯ ಮಳೆಯಲ್ಲಿ ಬಂದು ಹತ್ತನೇ ತರಗತಿಯ ಬೀಜಗಣಿತ ಕಲಿಸುವ ಪದವೀಧರರು ಸುಲಭಕ್ಕೆ ಸಿಗುವುದಿಲ್ಲ.

ಹಾಗೆಂದು ಎಲ್ಲ ಸಣ್ಣ ಶಾಲೆಯನ್ನೂ ಇದ್ದಂತೆಯೇ ಇಡಬೇಕೆಂದಲ್ಲ. ಅಂಗನವಾಡಿ ಪುಸ್ತಕದ ಲೆಕ್ಕವೇ ಹತ್ತು ವರ್ಷದಲ್ಲಿ ಎಂಟಕ್ಕೆ ನಾಲ್ಕೈದು ಮಕ್ಕಳೆಂದು ಹೇಳಿದರೆ, ಪಕ್ಕದ ಶಾಲೆ ಸರ್ವಋತು ರಸ್ತೆಯ ಮೇಲಿದ್ದರೆ, ಸೇರಿಸುವುದೇ ಮಕ್ಕಳಿಗೆ ಒಳ್ಳೆಯದು. 2025-26ರ ಬಜೆಟ್‌ನಲ್ಲಿ ಹೇಳಿದ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳ ಸುತ್ತ ಈ ಚರ್ಚೆ ಬಂದೇ ಬರುತ್ತದೆ. ಆಗ ಕ್ರಮ ತಿರುಗುಮುರುಗಾಗಬಾರದು: ಮೊದಲು ವಾಹನ, ಒಂದು ಪೂರ್ತಿ ಮಳೆಗಾಲ ಓಡಿಸಿ ನೋಡುವುದು, ಆಮೇಲೆ ವಿಲೀನ. ದೂರದ ಮಕ್ಕಳ ಪ್ರಯಾಣಕ್ಕೆ ಸಮಗ್ರ ಶಿಕ್ಷಾದಲ್ಲಿ ಪ್ರೌಢಶಾಲಾ ಹಂತಕ್ಕೂ ವರ್ಷಕ್ಕೆ ಒಂದು ಮಗುವಿಗೆ 6,000 ರೂಪಾಯಿವರೆಗೆ ಅವಕಾಶವಿದೆ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600. ಇಪ್ಪತ್ತು ಮಕ್ಕಳಿದ್ದರೆ 12,000. ಘಟ್ಟದ ರಸ್ತೆಯಲ್ಲಿ ಒಂದು ಟೆಂಪೋ ಬಾಡಿಗೆಗೆ ಇದು ಸಾಲುವುದಿಲ್ಲ, ಪಂಚಾಯಿತಿಯೋ ದಾನಿಗಳೋ ಕೈ ಸೇರಿಸಬೇಕಾಗುತ್ತದೆ. ಈ ಲೆಕ್ಕ ಮಾಡದೆ ವಿಲೀನದ ಆದೇಶ ಹೊರಟರೆ ಹೊಸ ಶಾಲೆಗೆ ತಲುಪುವ ಮಕ್ಕಳ ಪಟ್ಟಿ ಹಳೆಯ ಶಾಲೆಯ ಪಟ್ಟಿಗಿಂತ ಚಿಕ್ಕದಾಗಿರುತ್ತದೆ, ಅದರಲ್ಲೂ ಹುಡುಗಿಯರ ಹೆಸರು.

ಉಳಿಸಬೇಕಾದ ಶಾಲೆ ಎಂದು ಲೆಕ್ಕ ಹೇಳಿದರೆ ಕೆಲಸ ಜೂನ್‌ನಲ್ಲಲ್ಲ, ಜನವರಿಯಲ್ಲಿ ಶುರುವಾಗಬೇಕು. ಸುತ್ತಲಿನ ಪ್ರಾಥಮಿಕ ಶಾಲೆಗಳ ಏಳನೇ ತರಗತಿಯ ಹೆಸರುಪಟ್ಟಿ ತಂದು ಪ್ರತಿ ಹೆಸರಿನ ಮುಂದೆ ಮನೆ, ಬಸ್ ಸ್ಟಾಪು, ದಾರಿಯಲ್ಲಿ ಹಳ್ಳ ಇದೆಯೇ, ಅಣ್ಣ ಅಕ್ಕ ಎಲ್ಲಿ ಓದುತ್ತಿದ್ದಾರೆ ಎಂದು ಬರೆದುಕೊಳ್ಳಬೇಕು. ಖಾಸಗಿ ಶಾಲೆಯಲ್ಲಿ ಏಳು ಮುಗಿಸುವವರ ಹೆಸರನ್ನೂ ಆಶಾ ಕಾರ್ಯಕರ್ತೆಯರನ್ನು ಕೇಳಿ ಸೇರಿಸಬೇಕು. ಪೋಷಕರಿಗೆ ಕೇಂದ್ರದ ಎನ್‌ಎಂಎಂಎಸ್ ವಿದ್ಯಾರ್ಥಿವೇತನದ ಬಗ್ಗೆ ಹೇಳಬೇಕು: ಎಂಟನೇ ತರಗತಿಯಲ್ಲಿ ಆ ಪರೀಕ್ಷೆ ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಖಾಸಗಿ ಅನುದಾನರಹಿತ ಶಾಲೆಯಲ್ಲಿ ಓದುವವರಿಗೆ, ಸರ್ಕಾರಿ ವಸತಿ ಶಾಲೆಯವರಿಗೆ ಇದು ಸಿಗುವುದಿಲ್ಲ. ಹದಿಮೂರು ಮಕ್ಕಳ ತರಗತಿಯಲ್ಲಿ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು ತಯಾರಿ ಮಾಡಿಸಬಹುದು. ಅರವತ್ತು ಮಕ್ಕಳ ತರಗತಿಯಲ್ಲಿ ಆಗದ ಕೆಲಸ ಇದು.

ಬಸ್ಸಿನ ಸಮಯ ಬದಲಿಸಲು ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಅರ್ಜಿ ಕೊಡುವುದಿದ್ದರೆ ಮಾರ್ಚ್‌ನಲ್ಲೇ ಕೊಡಬೇಕು, ಮಕ್ಕಳ ಹೆಸರು ಮತ್ತು ಸ್ಟಾಪಿನ ಪಟ್ಟಿ ಲಗತ್ತಿಸಿ. ಸರ್ಕಾರಿ ಬಸ್ಸಾದರೆ ಡಿಪೊ ವ್ಯವಸ್ಥಾಪಕರಿಗೆ, ಖಾಸಗಿಯಾದರೆ ಮಾಲೀಕರಿಗೆ ಮತ್ತು ಪ್ರತಿಯನ್ನು ಆರ್‌ಟಿಒಗೆ. 'ನಮ್ಮ ಶಾಲೆಗೆ ಬಸ್ ಬೇಕು' ಎಂದು ಬರೆದ ಅರ್ಜಿ ಫೈಲಿನಲ್ಲಿ ಉಳಿಯುತ್ತದೆ. 'ಸಂಜೆ 5.45ರ ಬಸ್ಸು 4.50ಕ್ಕೆ ಹೊರಟರೆ ಈ ಏಳು ಸ್ಟಾಪಿನ 22 ಮಕ್ಕಳು ಬೆಳಕಿರುವಾಗ ಮನೆ ಸೇರುತ್ತಾರೆ' ಎಂದು ಬರೆದರೆ ಉತ್ತರ ಕೊಡದೆ ಇರುವುದು ಕಷ್ಟ.